ಟವೆಲ್ ಕೆಳಗಿನ ಬೆಲೆ

ಫೋಟೊ ತೆಗೆಯಲು ಬಂದ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಶೂ ಬಿಚ್ಚಿಟ್ಟು ಸಾಕ್ಸ್‌ನಲ್ಲೇ ಒಳಗೆ ಬಂದ. ಅಡಿಗೆಮನೆಯ ಮೂಲೆಗೆ ಬೆನ್ನು ಒತ್ತಿ ನಿಂತು ಕ್ಯಾಮೆರಾ ಎತ್ತಿದ. ಅಮ್ಮ ಒಲೆ ಪಕ್ಕದಲ್ಲೇ ಇದ್ದರು. "ಆಂಟಿ, ಸ್ವಲ್ಪ ಹೊರಗಿರಿ, ಫೋಟೊದಲ್ಲಿ ಜನ ಬರಬಾರದು" ಅಂದ. ಸಂಜೆ ಆ ಫೋಟೊಗಳು ಮನೆ ಮಾರುವ ಆ್ಯಪ್‌ನಲ್ಲಿ ಬಂದವು. ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಇದು ಯಾರ ಮನೆ ಕಣೋ?" ಅಂದರು. ಅವರ ತಪ್ಪೇನಿಲ್ಲ. ಎಂಟಡಿ ಅಗಲದ ನಮ್ಮ ಅಡಿಗೆಮನೆ ಆ ಲೆನ್ಸಿನಲ್ಲಿ ಛತ್ರದ ಅಡಿಗೆಮನೆ ಥರ ಕಾಣುತ್ತಿತ್ತು.

ಅದು 2024ರ ಜೂನ್. ಮೈಸೂರು ಕುವೆಂಪುನಗರದ ಮನೆ, 40-60 ಸೈಟು. ಅಪ್ಪನಿಗೆ 1983ರಲ್ಲಿ ಸಿಐಟಿಬಿಯಿಂದ ಸಿಕ್ಕಿದ್ದು. ಮೈಸೂರಿನ ಹಳಬರ ಬಾಯಲ್ಲಿ ಅದು ಈಗಲೂ ಸಿಐಟಿಬಿಯೇ. ಪ್ಲೇಗ್ ಬಂದು ಊರನ್ನು ಹಿಂಡಿ ಹಾಕಿದ ಮೇಲೆ, ಗಾಳಿ ಬೆಳಕಿರುವ ಬಡಾವಣೆ ಮಾಡಲೆಂದು 1903ರಲ್ಲಿ ಹುಟ್ಟಿದ ಮಂಡಳಿ. 1988ರಲ್ಲಿ ಮುಡಾ ಆಯಿತು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದಿದ್ದರು, ಅಕ್ಕ ಇಂಗ್ಲೆಂಡಿನಲ್ಲಿ. ತಿಂಗಳಿಗೊಮ್ಮೆ ಹೋಗಿ ಬೀಗ ತೆಗೆದು, ಸಂಪಿಗೆ ಎಲೆ ಗುಡಿಸಿ, ಕರೆಂಟ್ ಬಿಲ್ ಕಟ್ಟಿ ಬರುವುದು ನನ್ನ ಕೆಲಸ. ಎರಡು ವರ್ಷ ಹಾಗೆ ಮಾಡಿದ ಮೇಲೆ ಮಾರೋಣ ಅಂತ ಮೂವರೂ ಒಪ್ಪಿದೆವು.

ಮಾರುವುದು ಹೇಗೆ ಅನ್ನುವುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಅಮ್ಮನಿಗೆ ಬ್ರೋಕರ್ ಬೇಕು. ನನಗೂ ಅಕ್ಕನಿಗೂ ಬೇಡ. ನಮ್ಮ ಲೆಕ್ಕ ಸುಲಭದ್ದು. ಮನೆಗೆ ಒಂದು ಮುಕ್ಕಾಲು ಕೋಟಿ ಬಂದರೆ, ನೂರಕ್ಕೆ ಒಂದರಂತೆ ಕಮಿಷನ್ ಒಂದು ಮುಕ್ಕಾಲು ಲಕ್ಷ. ಬ್ರೋಕರ್ ಎರಡು ಪರ್ಸೆಂಟ್ ಕೇಳಿದರೆ ಅದರ ಎರಡರಷ್ಟು. ಆ್ಯಪ್‌ನಲ್ಲಾದರೆ ಐದು ಸಾವಿರದ ಚಿಲ್ಲರೆ ಕಟ್ಟಿದರೆ ಫೋಟೊ, ಜಾಹೀರಾತು, ಫೋನ್ ಮಾಡಿ ವಿಚಾರಿಸಿಕೊಳ್ಳಲು ಒಬ್ಬ ಹುಡುಗಿ, ಎಲ್ಲಾ ಸೇರಿ. ಇವು ಹೊಸದಾಗಿ ಬಂದವೂ ಅಲ್ಲ. 99 ಏಕರ್ಸ್ 2005ರಲ್ಲೇ ಬಂತು, ಮರುವರ್ಷ ಮ್ಯಾಜಿಕ್‌ಬ್ರಿಕ್ಸ್. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನೋಬ್ರೋಕರ್ ಅಂತೂ ಜಗಳವನ್ನು ಹೆಸರಲ್ಲೇ ಇಟ್ಟುಕೊಂಡು ಬಂತು. ನಾನು ಮನೆ ಹಾಕಿದ್ದು ಯಾವುದರಲ್ಲಿ ಅಂತ ಹೇಳುವುದಿಲ್ಲ. ಈ ಕಥೆಗೆ ಅದು ಬೇಕಾಗಿಯೂ ಇಲ್ಲ.

ಮೊದಲ ಹದಿನೈದು ದಿನ ಫೋನ್ ಕೆಳಗಿಡಲು ಆಗಲಿಲ್ಲ. ನನಗೆ ಎಲ್ಲವನ್ನೂ ಬರೆದಿಡುವ ಚಟ, ಹಾಗಾಗಿ ಲೆಕ್ಕ ಇದೆ. 61 ಕಾಲ್. ಅದರಲ್ಲಿ 38 ಬ್ರೋಕರ್‌ಗಳದ್ದು! ಬ್ರೋಕರ್ ಬೇಡ ಅಂತ ದುಡ್ಡು ಕೊಟ್ಟು ಹಾಕಿದ ಜಾಹೀರಾತನ್ನು ಎಲ್ಲರಿಗಿಂತ ಮೊದಲು ಓದುವವರು ಅವರೇ. ಕೆಲವರು ನೇರವಾಗಿ "ಪಾರ್ಟಿ ರೆಡಿ ಇದೆ ಸಾರ್" ಅನ್ನುತ್ತಿದ್ದರು. ಕೆಲವರು ತಾವೇ ಕೊಳ್ಳುವವರ ಹಾಗೆ ಮಾತಾಡಿ, ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತಿದ್ದರು. ಒಂಬತ್ತು ಕಾಲ್ ಸಾಲ ಕೊಡುವವರದು, ಇಂಟೀರಿಯರ್ ಮಾಡುವವರದು, ಮನೆ ಸಾಮಾನು ಸಾಗಿಸುವವರದು. ಉಳಿದ 14 ಜನ ನಿಜವಾಗಿ ಮನೆ ಬೇಕಾದವರು. ಬಂದು ನೋಡಿದ್ದು ಐದು ಜನ.

14 ಯಾಕೆ ಅಷ್ಟು ಕಡಿಮೆ ಅಂತ ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ನಮ್ಮದು ದಕ್ಷಿಣದ ರಸ್ತೆ. ಅಪ್ಪ ವಾಸ್ತು ನಂಬುತ್ತಿರಲಿಲ್ಲ, ಆದರೆ ಅಜ್ಜಿ ನಂಬುತ್ತಿದ್ದರು. ಅಜ್ಜಿಗೋಸ್ಕರ ಗೇಟಿನಿಂದ ಒಂದು ಓಣಿ ಬಿಟ್ಟು, ಮನೆಯನ್ನು ತಿರುಗಿಸಿ, ತಲೆಬಾಗಿಲನ್ನು ಪೂರ್ವಕ್ಕೆ ಇಟ್ಟಿದ್ದರು. ಆ್ಯಪ್‌ನಲ್ಲಿ ದಿಕ್ಕಿಗೆ ಇರುವುದು ಒಂದೇ ಖಾನೆ. ಫೋನ್ ಹುಡುಗಿ "ರೋಡ್ ಯಾವ ಕಡೆ ಸರ್?" ಅಂತ ಕೇಳಿದ್ದಳು, ನಾನು ದಕ್ಷಿಣ ಅಂದಿದ್ದೆ. ಅಲ್ಲಿಗೆ ಮುಗಿಯಿತು. ಮೈಸೂರಿನಲ್ಲಿ ಮನೆ ಹುಡುಕುವವರಲ್ಲಿ ಎಷ್ಟೋ ಜನ ಮೊದಲು ಪೂರ್ವ, ಉತ್ತರ ಅಂತ ಒತ್ತಿಯೇ ಮುಂದೆ ಹೋಗುತ್ತಾರೆ. ಅವರ ಪಾಲಿಗೆ ನಮ್ಮ ಮನೆ ಇರಲೇ ಇಲ್ಲ. ಹದಿನೆಂಟು ಫೋಟೊ ಹಾಕಿದ್ದರೂ ಅವರು ಒಂದನ್ನೂ ನೋಡಿರಲಿಲ್ಲ.

ಇನ್ನೊಂದು ತೊಂದರೆ ಬೆಲೆಯದ್ದು. ಮೊದಲು 1 ಕೋಟಿ 85 ಲಕ್ಷ ಅಂತ ಹಾಕಿದ್ದೆ. ಹಾಕಿದ ಮಾರನೇ ದಿನವೇ ಪಕ್ಕದ ಮನೆಯ ಆಂಟಿ ಅಮ್ಮನಿಗೆ ಬೆಂಗಳೂರಿಗೆ ಫೋನ್ ಮಾಡಿದರು. "ಏನ್ರೀ, 1.85 ಅಂತೆ? ನಮ್ ಸೊಸೆ ಮೊಬೈಲಲ್ಲಿ ತೋರಿಸಿದ್ಲು." ಅಮ್ಮನಿಗೆ ನಾನು ಇನ್ನೂ ಬೆಲೆ ಹೇಳಿರಲಿಲ್ಲ. ಅವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರು ವಾರ ಕಳೆದ ಮೇಲೆ 1.78ಕ್ಕೆ ಇಳಿಸಿದೆ. ಆಗ ಆ್ಯಪ್ ನನ್ನನ್ನು ಕೇಳದೆ ಒಂದು ಹಸಿರು ಪಟ್ಟಿ ಅಂಟಿಸಿತು: ಬೆಲೆ ಇಳಿದಿದೆ. ಕೊಳ್ಳುವವರಿಗೆ ಅದು ಸಹಾಯವೇ, ಇಲ್ಲ ಅನ್ನಲ್ಲ. ಮಾರುವವನ ಕಣ್ಣಿಗೆ ಮಾತ್ರ ಅದು ಮನೆ ಮುಂದೆ ಡಂಗುರ ಹೊಡೆಸಿದ ಹಾಗೆ ಕಾಣುತ್ತೆ.

ಚಿಕ್ಕವನಿದ್ದಾಗ ತಾತನ ಜೊತೆ ಚುಂಚನಕಟ್ಟೆ ಜಾತ್ರೆಗೆ ಹೋಗುತ್ತಿದ್ದೆ. ಸಂಕ್ರಾಂತಿ ಆಸುಪಾಸಿನ ದನದ ಜಾತ್ರೆ. ಅಲ್ಲಿ ವ್ಯಾಪಾರ ನಡೆಯುವುದು ಮಾತಿನಲ್ಲಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೊಳ್ಳುವವನ ಕೈ ಮೇಲೆ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿಯುತ್ತಾನೆ. ಆಮೇಲೆ ಮಾರುವವನ ಹತ್ತಿರ ಬಂದು ಅದೇ ಟವೆಲ್, ಬೇರೆ ಬೆರಳು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಒಬ್ಬರಿಗೂ ಬೆಲೆ ಗೊತ್ತಾಗುವುದಿಲ್ಲ. ವ್ಯಾಪಾರ ಮುರಿದರೆ ಎತ್ತಿನ ಬೆಲೆ ಇಳಿದ ಸುದ್ದಿ ಯಾರಿಗೂ ಇಲ್ಲ, ಮುಂದಿನ ಗಿರಾಕಿಯ ಜೊತೆ ಮೊದಲಿನಿಂದ ಶುರು ಮಾಡಬಹುದು. ಆ ಹಸಿರು ಪಟ್ಟಿ ನೋಡಿದಾಗ ನನಗೆ ಆ ಟವೆಲ್ ನೆನಪಾಯಿತು. ಹಾಗಂತ ಟವೆಲ್ ಒಳ್ಳೆಯದೇ ಅಂತಲೂ ಅಲ್ಲ. ಅದರೊಳಗೆ ದಲ್ಲಾಳಿ ಎಷ್ಟು ಬೆರಳು ನುಂಗುತ್ತಿದ್ದ ಅನ್ನುವುದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಜುಲೈ 6ಕ್ಕೆ ಆಷಾಢ ಹತ್ತಿತು. ಫೋನ್ ನಿಂತುಹೋಯಿತು. ಆ್ಯಪ್‌ನ ಹುಡುಗಿ "ಸರ್, ನಿಮ್ಮ ಲಿಸ್ಟಿಂಗ್ ಪರ್ಫಾರ್ಮೆನ್ಸ್ ಡೌನ್ ಇದೆ, ಪ್ರೀಮಿಯಂ ಪ್ಲ್ಯಾನ್ ತಗೊಳ್ಳಿ" ಅಂದಳು. ಆಷಾಢ ಅಂದೆ. "ಅದು ಏರಿಯಾನಾ ಸರ್?" ಅಂದಳು. ಪಾಪ, ಯಾವ ಊರಿನ ಮಗುವೋ. ಅದೇ ತಿಂಗಳು, ಜಮೀನು ಬಿಟ್ಟುಕೊಟ್ಟವರಿಗೆ 50:50 ಲೆಕ್ಕದಲ್ಲಿ ಮುಡಾ ಸೈಟು ಹಂಚಿದ ವಿವಾದ ದಿನಾ ಟಿವಿಯಲ್ಲಿ. ಫೋನ್ ಮಾಡಿದ ಒಬ್ಬಿಬ್ಬರೂ "ಇದು ಫಿಫ್ಟಿ ಫಿಫ್ಟಿ ಸೈಟ್ ಅಲ್ಲ ತಾನೇ?" ಅಂತ ಕೇಳುತ್ತಿದ್ದರು. ಸಾಲದ್ದಕ್ಕೆ ಜುಲೈ 23ಕ್ಕೆ ಬಜೆಟ್ ಬಂದು, ಮನೆ ಮಾರಿದ ಲಾಭದ ಮೇಲಿನ ತೆರಿಗೆಯ ಲೆಕ್ಕವನ್ನೇ ಬದಲಾಯಿಸಿತು. ಆಡಿಟರ್ "ಸ್ವಲ್ಪ ಇರಿ, ನೋಡೋಣ" ಅಂದರು.

ಆಷಾಢದಲ್ಲೇ ಅಮ್ಮ ನನಗೆ ಹೇಳದೆ ಒಂದು ಕೆಲಸ ಮಾಡಿದ್ದರು. ಹಾಲಿನ ಬೂತಿನವರ ಮೂಲಕ ಒಬ್ಬ ಬ್ರೋಕರ್‌ಗೆ ಹೇಳಿ ಕಳಿಸಿದ್ದರು. ಅರವತ್ತು ದಾಟಿದ ಮನುಷ್ಯ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಳೇ ಟಿವಿಎಸ್ ಎಕ್ಸೆಲ್. ನಮ್ಮ ಮನೆಯಲ್ಲಿ ಅವರಿಗೆ ಎಕ್ಸೆಲ್ ಯಜಮಾನ್ರು ಅಂತಲೇ ಹೆಸರಾಯಿತು. ಅವರ ಹತ್ತಿರ ಆಫೀಸಿಲ್ಲ, ಬೋರ್ಡಿಲ್ಲ, ರೇರಾ ನಂಬರೂ ಇಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು ಹೊಸ ಪ್ರಾಜೆಕ್ಟುಗಳಲ್ಲಿ ಮಾರುವುದಕ್ಕೆ. ಹಳೇ ಮನೆ ಕೈ ಬದಲಾಯಿಸುವ ವ್ಯವಹಾರ ಅದರ ಹೊರಗೆ, ಟೀ ಅಂಗಡಿ ಮುಂದೆಯೇ ನಡೆಯುತ್ತದೆ.

ಅವರು ಬಂದವರೇ ಮನೆ ನೋಡಲಿಲ್ಲ. ಜಗಲಿ ಮೇಲೆ ಕೂತು "ಪತ್ರ ತೋರ್ಸಿ ಸ್ವಾಮಿ" ಅಂದರು. ಒಂದೊಂದನ್ನೇ ಮಡಿಲಿನ ಮೇಲೆ ಹರಡಿಕೊಂಡರು. ಸಿಐಟಿಬಿ ಹಂಚಿಕೆ ಪತ್ರ, ಮುಡಾ ಕೊಟ್ಟ ಟೈಟಲ್ ಡೀಡ್, ಖಾತೆ, ಕಂದಾಯ ರಸೀದಿ, ಇಸಿ (ಋಣಭಾರ ಪತ್ರ), ಅಪ್ಪನ ಮರಣ ಪತ್ರ, ವಂಶವೃಕ್ಷ. ವಂಶವೃಕ್ಷದ ಮೇಲೆ ಬೆರಳಿಟ್ಟರು. "ಅಕ್ಕಾವ್ರು ಎಲ್ಲಿರೋದು?" ಇಂಗ್ಲೆಂಡ್ ಅಂದೆ. "ಅಲ್ಲೇ ಸಿಟಿಜನ್ನಾ?" ಹೌದು ಅಂದೆ. ಪೆನ್ನು ತೆಗೆದು ಯಾವುದೋ ಮದುವೆ ಕಾರ್ಡಿನ ಹಿಂದೆ ಏನೋ ಗೀಚಿಕೊಂಡರು. "ಮೊದ್ಲು ಇದನ್ನ ಸರಿ ಮಾಡ್ಕೊಳ್ಳಿ. ಪಾರ್ಟಿ ಬಂದ್ಮೇಲೆ ಗೊತ್ತಾದ್ರೆ ಓಡೋಗ್ತಾರೆ."

ಎರಡು ತಿಂಗಳು ಆ್ಯಪ್‌ನವರು ಕೇಳದ ಪ್ರಶ್ನೆ ಅದು. ನನಗೂ ಹೊಳೆದಿರಲಿಲ್ಲ. ಅಪ್ಪ ವಿಲ್ ಬರೆದಿರಲಿಲ್ಲ. ಅವರ ಸ್ವಂತ ಸಂಪಾದನೆಯ ಮನೆ, ಹಾಗಾಗಿ ಅಮ್ಮ, ಅಕ್ಕ, ನಾನು, ಮೂವರಿಗೂ ಸಮಪಾಲು. ಇಲ್ಲೇ ಇರುವ ನಮ್ಮ ಪಾಲಿಗೆ ಕೊಳ್ಳುವವರು ನೂರಕ್ಕೆ 1ರಂತೆ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ, ಹಿಡಿದು ಕಟ್ಟಿದರೆ ಆಯಿತು. ಹೊರದೇಶದಲ್ಲಿರುವ ಅಕ್ಕನ ಪಾಲಿಗೆ ದಾರಿಯೇ ಬೇರೆ. ಆ ಬಜೆಟ್ ಆದ ಮೇಲೆ ನೂರಕ್ಕೆ 12.5ರ ಲೆಕ್ಕ, ಅದರ ಮೇಲೆ ಸೆಸ್ಸು ಸರ್ಚಾರ್ಜು. ಕೊಳ್ಳುವವರೇ ಟ್ಯಾನ್ (ತೆರಿಗೆ ಹಿಡಿದು ಕಟ್ಟುವವರ) ನಂಬರ್ ಮಾಡಿಸಬೇಕಿತ್ತು. ಕಮ್ಮಿ ಹಿಡಿಯಬೇಕಾದರೆ ಅಕ್ಕ ಇನ್ಕಮ್ ಟ್ಯಾಕ್ಸ್‌ನಿಂದ ಪ್ರಮಾಣಪತ್ರ ತರಿಸಬೇಕು. ಮನೆಗಾಗಿ ಸಾಲಕ್ಕೆ ಓಡಾಡುತ್ತಿರುವ ಸಂಬಳದಾರರಿಗೆ ಇಷ್ಟು ಹೇಳಿದರೆ ಸಾಕು, ಪಕ್ಕದ ಬೀದಿಯ ಮನೆ ಚೆನ್ನಾಗಿದೆ ಅನ್ನಿಸುತ್ತೆ. ಅಕ್ಕ ಬರಲಾಗದ ಕಾರಣ ಜಿಪಿಎ (ಅವಳ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ) ಬೇರೆ ಬೇಕು. ಅದನ್ನು ಲಂಡನ್ನಿನ ನಮ್ಮ ಹೈಕಮಿಷನ್ ಮೂಲಕ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಬೇಕು. ಆಷಾಢ ಪೂರ್ತಿ ಇದೇ ಕೆಲಸವಾಯಿತು.

ಈ ಸುದ್ದಿ ಹೇಳಲು ಅಕ್ಕನಿಗೆ ಫೋನ್ ಮಾಡಿದಾಗ ಅವಳು ನಕ್ಕಳು. ಅವಳದ್ದೂ ಒಂದು ಕಥೆ ಇತ್ತು. ಹಿಂದಿನ ವರ್ಷ ಅವರು ರೆಡಿಂಗ್‌ನಲ್ಲಿದ್ದ ಮನೆ ಮಾರಿದ್ದರು. ಅಲ್ಲಿ ಏಜೆಂಟ್ ಮಾರುವವರ ಆಳು. ದುಡ್ಡು ಕೊಡುವವರು ಮಾರುವವರು ಮಾತ್ರ, ಕೊಳ್ಳುವವರಿಂದ ಕಾಸಿಲ್ಲ. ಬೀದಿಯಲ್ಲಿ ಅಂಗಡಿ ಇಟ್ಟುಕೊಂಡ ಏಜೆಂಟರು ಮನೆ ಮಾರಿದ ಮೇಲೆ ಪರ್ಸೆಂಟೇಜ್ ತಗೊಳ್ಳುತ್ತಾರೆ. ಅಕ್ಕ ದುಡ್ಡು ಉಳಿಸಲು ಒಂದು ಆನ್‌ಲೈನ್ ಏಜೆನ್ಸಿಗೆ ಹೋಗಿದ್ದಳು. ಮನೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ, ನಿಗದಿತ ಫೀಸು. "ಫೀಸ್ ಕಟ್ಟಿದ ದಿನದಿಂದ ಅವರಿಗೆ ನನ್ನ ಮೇಲೆ ಆಸೆಯೇ ಹೊರಟುಹೋಯ್ತು ಕಣೋ" ಅಂದಳು. ಐದು ತಿಂಗಳಾದ ಮೇಲೆ ಬೀದಿಯ ಏಜೆಂಟ್ ಹತ್ತಿರ ಹೋಗಿ ಮಾರಿದಳು. ಎರಡೂ ಕಡೆ ದುಡ್ಡು ಹೋಯಿತು.

ಬ್ರಿಟನ್ನಿನಲ್ಲಿ ಈ ನಿಗದಿತ ಫೀಸಿನ ಪದ್ಧತಿಗೆ ದೊಡ್ಡ ಹೆಸರು ಪರ್ಪಲ್‌ಬ್ರಿಕ್ಸ್. ಅಕ್ಕ ಹೋದದ್ದು ಬೇರೆ ಕಂಪನಿಗೆ, ಆದರೂ ಆ ಕಥೆ ಹೇಳಲೇಬೇಕು. 2014ರಲ್ಲಿ ಶುರುವಾಗಿ, ಮರುವರ್ಷವೇ ಲಂಡನ್ ಷೇರುಪೇಟೆಗೆ ಬಂದು, ಹಳೇ ಏಜೆಂಟರ ಕಥೆ ಮುಗಿಯಿತು ಅಂತ ಎಲ್ಲರ ಬಾಯಲ್ಲೂ ಅನ್ನಿಸಿತ್ತು. 2023ರಲ್ಲಿ ಅದರ ವ್ಯವಹಾರವನ್ನು ಸ್ಟ್ರೈಕ್ ಅನ್ನುವ ಇನ್ನೊಂದು ಕಂಪನಿ ಹೊಣೆಗಳ ಸಮೇತ ಒಂದು ಪೌಂಡಿಗೆ ತಗೊಂಡಿತು. ಒಂದು ಪೌಂಡ್. ನೂರು ರೂಪಾಯಿ ಚಿಲ್ಲರೆ. ಮೈಸೂರಿನಲ್ಲಿ ಇಬ್ಬರು ಕಾಫಿ ತಿಂಡಿ ಮುಗಿಸುವಷ್ಟು.

ಹಾಗಂತ ಪರ್ಸೆಂಟೇಜ್ ಲೆಕ್ಕವೂ ನೇರವಾಗಿಲ್ಲ. ಮನೆ 1.65ರ ಬದಲು 1.75ಕ್ಕೆ ಹೋದರೆ ನಮಗೆ ಹತ್ತು ಲಕ್ಷ ಜಾಸ್ತಿ. ಯಜಮಾನ್ರಿಗೆ ನಮ್ಮ ಕಡೆಯಿಂದ ಹತ್ತು ಸಾವಿರ. ಹತ್ತು ಸಾವಿರಕ್ಕೋಸ್ಕರ ಅವರು ಎರಡು ತಿಂಗಳು ಯಾಕೆ ಕಾಯಬೇಕು? ಶಿಕಾಗೋ ಸುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಜಾಲಾಡಿದ್ದರು. ಏಜೆಂಟರು ಸ್ವಂತ ಮನೆ ಮಾರುವಾಗ ಒಂಬತ್ತು-ಹತ್ತು ದಿನ ಜಾಸ್ತಿ ಕಾಯುತ್ತಿದ್ದರಂತೆ, ನೂರಕ್ಕೆ 3.7ರಷ್ಟು ಜಾಸ್ತಿ ಬೆಲೆ ಪಡೆಯುತ್ತಿದ್ದರಂತೆ. ಗಿರಾಕಿಯ ಮನೆಗೆ ಆ ತಾಳ್ಮೆ ಇಲ್ಲ. ನಮ್ಮಲ್ಲಂತೂ ಬ್ರೋಕರ್ ಎರಡೂ ಕಡೆ ಕಮಿಷನ್ ತಗೊಳ್ಳುತ್ತಾನೆ. ಅವನು ಯಾರ ಆಳೂ ಅಲ್ಲ, ವ್ಯವಹಾರದ ಆಳು. ಯಜಮಾನ್ರು ನನಗೆ "ರೇಟ್ ಬಿದ್ದೋಗಿದೆ ಸ್ವಾಮಿ" ಅನ್ನುತ್ತಿದ್ದರು. ಅದೇ ವಾರ ಟೀ ಅಂಗಡಿಯಲ್ಲಿ ಯಾರಿಗೋ "ಕುವೆಂಪುನಗರ ಕೈಗೆ ಸಿಗ್ತಿಲ್ಲ" ಅಂದದ್ದು ಹಾಲಿನ ಬೂತಿನವರ ಮೂಲಕ ಅಮ್ಮನಿಗೆ ತಲುಪಿತು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಅವ್ರ ಕೆಲಸ ಅದೇ ತಾನೇ" ಅಂದರು.

ಶ್ರಾವಣ ಬಂತು. ಎರಡನೇ ವಾರ ಯಜಮಾನ್ರು ಹುಣಸೂರಿನ ಕಡೆಯ ದಂಪತಿಯನ್ನು ಕರೆತಂದರು. ಇಬ್ಬರೂ ಕಾಲೇಜು ಮೇಷ್ಟರು. ಗೇಟಿನ ಹತ್ತಿರವೇ ಅವರು ರಸ್ತೆ ನೋಡಿ, ಮುಖ ನೋಡಿಕೊಂಡರು. ಯಜಮಾನ್ರು ಏನೂ ಹೇಳದೆ ಓಣಿಯಲ್ಲಿ ಮುಂದೆ ನಡೆದು, ಬಾಗಿಲ ಮುಂದೆ ನಿಂತರು. ಬೆಳಗ್ಗೆ ಎಂಟೂವರೆ. ಬಿಸಿಲು ಹೊಸಲಿನ ಮೇಲೆ ಬಿದ್ದಿತ್ತು. "ಬಿಸ್ಲು ಎಲ್ಲಿಂದ ಬರ್ತಿದೆ ನೋಡಿ ತಾಯಿ" ಅಂದರು, ಅಷ್ಟೇ. ಎಂಟೂವರೆಗೇ ಯಾಕೆ ಕರೆದಿದ್ದರು ಅಂತ ನನಗೆ ಆಗ ಹೊಳೆಯಿತು.

ಮಾತುಕತೆ ನಡೆದ ರೀತಿ ಹೇಳುತ್ತೇನೆ. ಅವರು ಹಾಲ್‌ನಲ್ಲಿ, ನಾವು ಹಿತ್ತಿಲಿನ ಒಗೆಯೋ ಕಲ್ಲಿನ ಹತ್ತಿರ. ಯಜಮಾನ್ರು ನಡುವೆ ಓಡಾಡುತ್ತಿದ್ದರು. ಪ್ರತಿ ಸಲ ಬರುವಾಗ ಮದುವೆ ಕಾರ್ಡಿನ ಮೇಲೆ ಒಂದು ಹೊಸ ಅಂಕಿ. ಮೊದಲೇ ಅಮ್ಮ ಹೇಳಿದ್ದರು, ಪೂರ್ತಿ ದುಡ್ಡು ಬ್ಯಾಂಕಿನಲ್ಲೇ, ಪೂರ್ತಿ ಬೆಲೆಗೇ ರಿಜಿಸ್ಟ್ರೇಷನ್. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ ಅಂತ ಕಾನೂನೇ ಇದೆ, ಆದರೂ ಫೋನ್ ಮಾಡಿದವರಲ್ಲಿ ಎಷ್ಟೋ ಜನರ ಮೊದಲ ಪ್ರಶ್ನೆಯೇ "ವೈಟ್ ಎಷ್ಟು?" ಯಜಮಾನ್ರು ಕಾರ್ಡ್ ತಿರುಗಿಸಿ ತೋರಿಸಿದರು. "ನೀವು 1.78 ಅಂತೀರಿ. ನೂರಕ್ಕೆ ಮುದ್ರಾಂಕ 5, ಸೆಸ್ಸು ಸರ್ಚಾರ್ಜು ಸೇರಿ 5.6, ನೋಂದಣಿ ಇನ್ನೊಂದು. ಅವ್ರಿಗದು 1.90 ಆಗುತ್ತೆ. ಅವ್ರ ತಲೇಲಿರೋದು ನಿಮ್ ರೇಟಲ್ಲ ಸ್ವಾಮಿ, ಆ ರೇಟು." ಆ್ಯಪ್‌ನ ಹಸಿರು ಪಟ್ಟಿಗೆ ಈ ಲೆಕ್ಕ ಗೊತ್ತಿರಲಿಲ್ಲ. (ಮರುವರ್ಷ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕವೂ 1ರಿಂದ 2ಕ್ಕೆ ಏರಿತು. ಅವರು ಬಚಾವಾದರು.)

ನಾಲ್ಕನೇ ಸಲ ಬಂದಾಗ ಅಂಕಿ ಬರೆದಿರಲಿಲ್ಲ. ನನ್ನನ್ನು ಬಿಟ್ಟು ಅಮ್ಮನ ಹತ್ತಿರ ಹೋಗಿ ಮೆಲ್ಲಗೆ "ಅಮ್ಮಾ, ಒಂದು ಎಪ್ಪತ್ತೆರಡು. ಆ ಹೆಣ್ಮಗು ಸಂಪಿಗೆ ಮರ ಕಡಿಯಲ್ಲ ಅಂತವ್ರೆ" ಅಂದರು. ಅಮ್ಮ ತಲೆಯಾಡಿಸಿದರು. ಮರದ ಮಾತು ನಿಜವಾಗಿ ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಅನುಮಾನ.

ಅಡ್ವಾನ್ಸ್ ಕೈ ಸೇರಿದ ಮೇಲೆ ಕಾಫಿ ಕುಡಿಯುತ್ತಾ ಆ ಮೇಡಂ ಹೇಳಿದರು, "ನಿಮ್ಮನೆ ನಮಗೆ ಹೊಸದಲ್ಲ ಸರ್. ಜೂನ್‌ನಿಂದ ಆ್ಯಪಲ್ಲಿ ನೋಡ್ತಾನೇ ಇದ್ವಿ. 1.85 ಇತ್ತು, ಆಮೇಲೆ 78 ಆಯ್ತು. ಇನ್ನೂ ಇಳಿಯುತ್ತೆ ಅಂತ ಕಾಯ್ತಿದ್ವಿ." ಅವರ ಗಂಡ ನಕ್ಕರು. "ಇವರು ಬಂದು, ಬೆಂಗಳೂರು ಪಾರ್ಟಿ ಒಂದು ಭಾನುವಾರ ಅಡ್ವಾನ್ಸ್ ತರ್ತಿದೆ ಅಂದ್ರು. ಅದಕ್ಕೇ ಬೆಳಿಗ್ಗೆನೇ ಓಡಿಬಂದ್ವಿ." ನಾನು ಯಜಮಾನ್ರ ಕಡೆ ನೋಡಿದೆ. ಬೆಂಗಳೂರಿನ ಯಾವ ಪಾರ್ಟಿಯೂ ನನಗೆ ಗೊತ್ತಿರಲಿಲ್ಲ. ಅವರು ಲೋಟದ ಕೊನೆ ಗುಟುಕಿನ ಮೇಲೇ ಕಣ್ಣಿಟ್ಟಿದ್ದರು.

ಹಾಗಾದರೆ ಮನೆ ಮಾರಿದ್ದು ಯಾರು? ತೋರಿಸಿದ್ದು ಆ್ಯಪ್. ಕಾಯುವ ಹಾಗೆ ಮಾಡಿದ್ದೂ ಅದೇ. ಎಬ್ಬಿಸಿ ಕರೆತಂದದ್ದು ಯಜಮಾನ್ರು, ಬಹುಶಃ ಒಂದು ಸುಳ್ಳು ಹೇಳಿ. ಆ ಸುಳ್ಳಿನಿಂದ ನನಗೆ ಲಾಭವಾಯಿತಾದ್ದರಿಂದ ನಾನು ದೊಡ್ಡ ಮನುಷ್ಯನ ಹಾಗೆ ಮಾತಾಡುವಂತಿಲ್ಲ. ಅವರು ಎರಡು ಪರ್ಸೆಂಟ್ ಕೇಳಿದ್ದರು, ಒಂದಕ್ಕೆ ಒಪ್ಪಿದ್ದೆವು. 1,72,000 ರೂಪಾಯಿ. ಮನೆ ಮೊದಲೇ ಆ್ಯಪ್‌ನಲ್ಲಿ ನೋಡಿದ್ದರಲ್ವಾ, ಅರ್ಧ ಕೊಟ್ಟರೆ ಸಾಲದೇ ಅಂತ ಒಂದು ಕ್ಷಣ ಮನಸ್ಸಿಗೆ ಬಂದದ್ದು ನಿಜ. ಅಮ್ಮನಿಗೆ ಹೇಳುವ ಧೈರ್ಯ ಆಗಲಿಲ್ಲ.

ರಿಜಿಸ್ಟ್ರೇಷನ್ ದಸರಾಗೆ ಮುಂಚೆ ಆಗಬೇಕಿತ್ತು. ನಡುವೆ ಪಿತೃಪಕ್ಷ ಬಂತು, ಆಮೇಲೆ ಇ-ಖಾತೆ (ಕಂಪ್ಯೂಟರಿನಲ್ಲಿ ತೆಗೆಯುವ ಖಾತೆ) ಇಲ್ಲದೆ ನೋಂದಣಿ ಇಲ್ಲ ಅನ್ನುವ ನಿಯಮ ಬಂತು, ಅದಕ್ಕೆ ಅಲೆದು ಅಲೆದು ದೀಪಾವಳಿಯೂ ಕಳೆಯಿತು. ಆ ಅಲೆದಾಟದಲ್ಲಿ ಯಜಮಾನ್ರು ಪ್ರತಿ ಸಲ ಎಕ್ಸೆಲ್‌ನಲ್ಲಿ ಮುಂದೆ, ನಾನು ಆಟೋದಲ್ಲಿ ಹಿಂದೆ. ಯಾವ ಕೌಂಟರಿನವರು ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ನವೆಂಬರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮನ ಹೆಬ್ಬೆರಳು ಮೆಷಿನ್ನಿಗೆ ಹತ್ತಲಿಲ್ಲ. ವಯಸ್ಸಾದವರ ಗೆರೆ ಸವೆದಿರುತ್ತೆ. "ತಲೆಗೆ ಒರೆಸ್ಕೊಂಡು ಇಡಿ ಅಮ್ಮಾ, ಎಣ್ಣೆ ಪಸೆ ಬೇಕು" ಅಂದರು ಯಜಮಾನ್ರು. ಅಮ್ಮ ಬೈತಲೆಗೆ ಬೆರಳು ಒರೆಸಿ ಇಟ್ಟರು. ಹತ್ತಿತು.

ರಾತ್ರಿ ಬೆಂಗಳೂರಿಗೆ ಬಂದು ಆ್ಯಪ್‌ನಿಂದ ಮನೆ ತೆಗೆದುಹಾಕಲು ಕೂತೆ. ತೆಗೆಯುವ ಮೊದಲು ಅದೊಂದು ಪ್ರಶ್ನೆ ಕೇಳಿತು. ಮನೆ ಹೇಗೆ ಮಾರಾಟವಾಯಿತು? ನಮ್ಮ ಮೂಲಕ, ಬ್ರೋಕರ್ ಮೂಲಕ, ಪರಿಚಯದವರ ಮೂಲಕ. ಒಂದನ್ನು ಮಾತ್ರ ಒತ್ತಬಹುದು. ನಾನು ಬೆರಳು ಎತ್ತಿಕೊಂಡು ಕೂತಿದ್ದೆ. ಹಿಂದಿನಿಂದ ಅಮ್ಮ ಬಂದು ಇಣುಕಿದರು.

"ತೆಗೆದ್ರೆ ಫೋಟೊನೂ ಹೋಗುತ್ತಾ?"

ಹೋಗುತ್ತೆ ಅಂದೆ.

"ಹಾಗಾದ್ರೆ ಮೊದ್ಲು ಆ ಅಡಿಗೆಮನೆದು ಇಳಿಸ್ಕೊಡು ನಂಗೆ. ನಮ್ ಹತ್ರ ಇರೋದ್ರಲ್ಲೆಲ್ಲಾ ದೊಡ್ಡದಾಗಿ ಬಂದಿದೆ."